ದಾರಿಬದಿಯ ಆ ಎತ್ತರದ ಹಳದಿ ಹೂ: ಎಲೆ ನೋಡಿ, ಗುರುತು ಸಿಗುತ್ತದೆ

ಪ್ರಶ್ನೆ: ನಾವು ಅಮೆರಿಕದ ಇಲಿನಾಯ್ ರಾಜ್ಯದ ನೇಪರ್‌ವಿಲ್‌ನಲ್ಲಿದ್ದೇವೆ. ಗದಗದಿಂದ ನನ್ನ ಅಮ್ಮ ಬಂದಿದ್ದಾರೆ. ಜುಲೈ ಕೊನೆಯಲ್ಲಿ ಇಲಿನಾಯ್ ಪ್ರೇರಿ ಪಾತ್ ಮೇಲೆ ವಾಕಿಂಗ್ ಹೋದಾಗ ಆಳೆತ್ತರಕ್ಕಿಂತ ಮೇಲೆ ಬೆಳೆದ, ಹಳದಿ ಹೂ ಬಿಟ್ಟ ಗಿಡ ಕಂಡಿತು. ನಾನು ಕಾಡು ಸೂರ್ಯಕಾಂತಿ ಅಂದೆ. ಅಮ್ಮ ಸೂರ್ಯಕಾಂತಿ ಬೆಳೆದವರು, 'ಇದರ ಎಲೆ ನೋಡು, ಇದು ಸೂರ್ಯಕಾಂತಿ ಅಲ್ಲವೇ ಅಲ್ಲ' ಎಂದರು. ಫೋನಿನ ಆ್ಯಪ್ ಒಂದು ಫೋಟೊಗೆ ಸೂರ್ಯಕಾಂತಿ, ಇನ್ನೊಂದಕ್ಕೆ ಕಂಪಾಸ್ ಪ್ಲಾಂಟ್, ಮತ್ತೊಂದಕ್ಕೆ ಪ್ರಿಕ್ಲಿ ಲೆಟಿಸ್ ಎನ್ನುತ್ತಿದೆ. ಕೆಲವು ಮೊಗ್ಗುಗಳು ಮುರಿದು ಜೋತಾಡುತ್ತಿದ್ದವು, ಅದು ರೋಗವಾ? ಬೀಜ ತಂದು ಹಿತ್ತಲಲ್ಲಿ ಹಾಕಬಹುದಾ? ಊರಿಗೂ ಸ್ವಲ್ಪ ಒಯ್ಯಬೇಕು ಅಂತ ಅಮ್ಮನ ಆಸೆ. ಐದು ಫೋಟೊ ಕಳಿಸಿದ್ದೇನೆ. ಕೊನೆಯದು ಪಕ್ಕದಲ್ಲೇ ಇದ್ದ ಇನ್ನೊಂದು ಗಿಡ.

ಉತ್ತರ: ನಿಮ್ಮ ತಾಯಿಯವರು ಹೇಳಿದ್ದು ಸರಿ. ಮೊದಲ ನಾಲ್ಕು ಫೋಟೊಗಳಲ್ಲಿರುವುದು ಕಂಪಾಸ್ ಪ್ಲಾಂಟ್. ಸಸ್ಯಶಾಸ್ತ್ರದ ಹೆಸರು ಸಿಲ್ಫಿಯಮ್ ಲ್ಯಾಸಿನಿಯೇಟಮ್. ಅಮೆರಿಕದ ಮಧ್ಯಭಾಗದ ಎತ್ತರದ ಹುಲ್ಲುಗಾವಲು, ಅಂದರೆ ಪ್ರೇರಿಯ ಅಪ್ಪಟ ಮೂಲನಿವಾಸಿ ಗಿಡ ಇದು. ನಿಮಗೆ ಇದು ಸಿಕ್ಕಿದ್ದು ನನಗೆ ತುಂಬ ಸಂತೋಷ ಕೊಟ್ಟಿತು. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಗುರುತಿನ ವಿಷಯ ಮುಗಿಸೋಣ.

ಆ್ಯಪ್ ಗೊಂದಲಕ್ಕೆ ಬಿದ್ದದ್ದು ಹೂವಿನ ಮುಖ ನೋಡಿ. ಜುಲೈ, ಆಗಸ್ಟ್ ತಿಂಗಳಲ್ಲಿ ಇಲಿನಾಯ್ ಬಯಲಲ್ಲಿ ಹಳದಿ ಹೂವಿಗೆ ಲೆಕ್ಕವೇ ಇಲ್ಲ. ಕಾಡು ಸೂರ್ಯಕಾಂತಿಯಲ್ಲೇ ಹಲವು ಜಾತಿ ಇವೆ. ಜೊತೆಗೆ ರುಡ್ಬೆಕಿಯಾ, ರ‍್ಯಾಟಿಬಿಡಾ, ಹೀಲಿಯಾಪ್ಸಿಸ್, ಮತ್ತೆ ಸಿಲ್ಫಿಯಮ್ ಕುಲದ ನಾಲ್ಕು ಗಿಡಗಳು. ಎಲ್ಲವೂ ಸೂರ್ಯಕಾಂತಿಯ ಕುಟುಂಬವೇ. ಎದುರಿನಿಂದ ಫೋಟೊ ತೆಗೆದರೆ ಎಲ್ಲದರಲ್ಲೂ ಕಾಣುವುದು ಸುತ್ತ ಹಳದಿ ಎಸಳು, ನಡುವೆ ಒಂದು ಗುಂಡನೆಯ ಬಿಲ್ಲೆ. ಹೂವಿನಿಂದ ಶುರು ಮಾಡಿದರೆ ಅನುಭವಸ್ಥರೂ ತಡವರಿಸುತ್ತಾರೆ. ಇಂಥ ಗಿಡಕ್ಕೆ ಮೊದಲು ಎಲೆ ನೋಡಬೇಕು, ಆಮೇಲೆ ಕಾಂಡ, ಆಮೇಲೆ ಹೂವಿನ ಹಿಂಭಾಗ. ಹೂವಿನ ಮುಖ ಕೊನೆಗೆ ಸಾಕು. ನಿಮ್ಮ ತಾಯಿಯವರು ಸುಮ್ನೆ ಹೇಳಿದ್ದಲ್ಲ. ಹೊಲದಲ್ಲಿ ಕೆಲಸ ಮಾಡಿದವರ ಕಣ್ಣು ಹೂ ಬಿಡುವ ಮೊದಲೇ ಎಲೆಯಿಂದ ಗಿಡ ಗುರುತಿಸಿ ಅಭ್ಯಾಸವಾಗಿರುತ್ತದೆ.

ನಿಮ್ಮ ಎರಡನೇ ಫೋಟೊ ನೋಡಿ, ಬುಡದ ಎಲೆಯದು. ಎಲೆ ಒಂದೂವರೆ ಅಡಿಗೂ ಉದ್ದ ಇದ್ದ ಹಾಗಿದೆ. ಎರಡೂ ಕಡೆಯಿಂದ ನಡುನರದ ಹತ್ತಿರದವರೆಗೆ ಸೀಳಿದೆ. ಕರಾವಳಿಯವರಿಗೆ ಜೀಗುಜ್ಜೆ ಎಲೆ ಗೊತ್ತಿರುತ್ತದೆ. ಅದೇ ಥರದ ಸೀಳು, ಆದರೆ ಇನ್ನೂ ಆಳ, ತುಂಡುಗಳು ಇನ್ನೂ ಕಿರಿದು. ಸೂರ್ಯಕಾಂತಿಯ ಎಲೆ ಹೀಗೆ ಸೀಳುವುದೇ ಇಲ್ಲ. ಆ ಬಯಲಿನ ಎತ್ತರದ ಹಳದಿ ಹೂಗಳಲ್ಲಿ ಇಷ್ಟು ದೊಡ್ಡ, ಇಷ್ಟು ಆಳ ಸೀಳಿದ, ಒರಟು ಎಲೆ ಇರುವುದು ಇದೊಂದಕ್ಕೇ. ಈ ಒಂದು ಫೋಟೊ ಇದ್ದಿದ್ದರೂ ನಾನು ಹೆಸರು ಹೇಳಿಬಿಡುತ್ತಿದ್ದೆ.

ಅದೇ ಫೋಟೊದಲ್ಲಿ ಇನ್ನೊಂದು ವಿಷಯ ಇದೆ, ನೀವು ಗಮನಿಸಿದಿರೋ ಇಲ್ಲವೋ. ಎಲೆಗಳು ನೆಲಕ್ಕೆ ಸಮನಾಗಿ ಹರಡಿಲ್ಲ. ಸೆಟೆದು ನೆಟ್ಟಗೆ ನಿಂತಿವೆ. ಒಂದು ಅಂಚು ಉತ್ತರಕ್ಕೆ, ಇನ್ನೊಂದು ಅಂಚು ದಕ್ಷಿಣಕ್ಕೆ. ಅಗಲದ ಮೈ ಪೂರ್ವ ಮತ್ತು ಪಶ್ಚಿಮಕ್ಕೆ. ಕಂಪಾಸ್ ಪ್ಲಾಂಟ್ ಅನ್ನುವ ಹೆಸರು ಬಂದಿದ್ದೇ ಇದರಿಂದ. ಬೆಳಗಿನ ಮತ್ತು ಸಂಜೆಯ ಬಿಸಿಲು ಎಲೆಯ ಅಗಲದ ಮೇಲೆ ಬೀಳುತ್ತದೆ. ನಡುಮಧ್ಯಾಹ್ನದ ಉರಿಬಿಸಿಲು ಬರೀ ಅಂಚಿಗೆ ತಾಗಿ ಹೋಗುತ್ತದೆ. ತಂಪು ಹೊತ್ತಿನಲ್ಲಿ ಎಲೆ ಚೆನ್ನಾಗಿ ಆಹಾರ ಮಾಡಿಕೊಳ್ಳುತ್ತದೆ, ನೀರು ಕಡಿಮೆ ಕಳೆದುಕೊಳ್ಳುತ್ತದೆ. ಎಲೆ ಎಳೆಯದಾಗಿ ಬಿಚ್ಚಿಕೊಳ್ಳುವಾಗ ಬೆಳಗಿನ ಬಿಸಿಲು ಬಿದ್ದ ದಿಕ್ಕನ್ನು ಹಿಡಿದು ತಿರುಗುತ್ತದೆ. ಬಲಿತ ಮೇಲೆ ದಿನಾ ತಿರುಗುತ್ತಾ ಇರುವುದಿಲ್ಲ, ಹಾಗೇ ನಿಂತುಬಿಡುತ್ತದೆ. ನಿಮ್ಮ ತಾಯಿಯವರಿಗೆ ಇದು ಕುತೂಹಲ ಅನ್ನಿಸಬಹುದು: ಹೊಲದ ಸೂರ್ಯಕಾಂತಿಯಲ್ಲಿ ಬಲಿತ ತೆನೆಗಳೆಲ್ಲ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತವೆ, ಇಲ್ಲಿ ದಿಕ್ಕು ಹಿಡಿಯುವುದು ಎಲೆ. ಹೂ ಎತ್ತ ಬೇಕಾದರೂ ನೋಡುತ್ತಿರುತ್ತದೆ.

ಹಾಗಂತ ಒಂದೇ ಎಲೆ ನಂಬಿ ದಾರಿ ಹುಡುಕಬೇಡಿ. ನೆರಳಲ್ಲಿ ಬೆಳೆದ ಗಿಡದಲ್ಲಿ ಎಲೆಗಳು ದಿಕ್ಕಾಪಾಲಾಗಿರುತ್ತವೆ. ಬಿಸಿಲಲ್ಲಿ ಬೆಳೆದದ್ದರಲ್ಲೂ ಒಂದೆರಡು ಎಲೆ ಓರೆಯಾಗಿರುತ್ತದೆ. ಹಲವು ಎಲೆ ಒಟ್ಟಿಗೆ ನೋಡಿದರೆ ಉತ್ತರ ದಕ್ಷಿಣ ಸ್ಪಷ್ಟವಾಗಿ ಕಾಣುತ್ತದೆ. ಮುಂದಿನ ಸಲ ಹೋದಾಗ ಫೋನಿನ ದಿಕ್ಸೂಚಿ ತೆರೆದು ಎಲೆಯ ಪಕ್ಕ ಹಿಡಿದು ನೋಡಿ.

ಇನ್ನು ಪ್ರಿಕ್ಲಿ ಲೆಟಿಸ್ ಗೊಂದಲ. ಇದಕ್ಕೊಂದು ಕಾರಣ ಇದೆ. ಯುರೋಪಿನಿಂದ ಬಂದ ಈ ಕಳೆಗಿಡ, ಲ್ಯಾಕ್ಟುಕಾ ಸೆರಿಯೋಲಾ, ಇದೂ ಬಿಸಿಲಲ್ಲಿ ಎಲೆಯನ್ನು ಉತ್ತರ ದಕ್ಷಿಣಕ್ಕೆ ತಿರುಗಿಸಿ ನಿಲ್ಲಿಸುತ್ತದೆ. ಎಲೆಯೂ ಸೀಳಿರುತ್ತದೆ, ಹೂವೂ ಹಳದಿ. ಆದರೆ ಹತ್ತಿರ ಹೋದರೆ ಎರಡಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಅದರ ಹೂ ಬೆರಳ ಉಗುರಿಗಿಂತ ದೊಡ್ಡದಿರುವುದಿಲ್ಲ. ಎಲೆಯ ಅಡಿಯಲ್ಲಿ ನಡುನರದ ಉದ್ದಕ್ಕೂ ಸಾಲಾಗಿ ಮುಳ್ಳು ಇರುತ್ತವೆ. ಗಾಯವಾದರೆ ಬಿಳಿ ಹಾಲು ಬರುತ್ತದೆ. ಕಂಪಾಸ್ ಪ್ಲಾಂಟ್‌ನಲ್ಲಿ ಹಾಲು ಇಲ್ಲ, ಅಂಟು ಇದೆ. ನಿಮ್ಮ ಮೂರನೇ ಫೋಟೊ ದೊಡ್ಡದು ಮಾಡಿ ನೋಡಿ. ಕಾಂಡದ ಮೇಲೆ ಬಿಳಿ ಒರಟು ರೋಮ ಇದೆ, ಮೇಲಿನ ಭಾಗದಲ್ಲಿ ತಿಳಿ ಬಣ್ಣದ ಅಂಟಿನ ಹನಿಗಳು ಗಟ್ಟಿಯಾಗಿ ಕೂತಿವೆ. ಒಮಾಹಾ, ಪೌನೀ ಮೊದಲಾದ ಮೂಲನಿವಾಸಿಗಳ ಮಕ್ಕಳು ಈ ಅಂಟನ್ನು ಬಿಡಿಸಿ ಚ್ಯೂಯಿಂಗ್ ಗಮ್ ಹಾಗೆ ಜಗಿಯುತ್ತಿದ್ದರು. ನೀವು ಬಾಯಿಗೆ ಹಾಕುವ ಪ್ರಯತ್ನ ಮಾಡಬೇಡಿ. ದಾರಿಬದಿಯ ಗಿಡಕ್ಕೆ ಏನು ಸಿಂಪಡಿಸಿರುತ್ತಾರೋ ಹೇಳಲಾಗದು.

ಇಷ್ಟರಲ್ಲೇ ಹೆಸರು ಖಚಿತ. ಆದರೂ ಸೂರ್ಯಕಾಂತಿಗೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸ ಹೂವಿನ ಒಳಗಿದೆ. ಅದನ್ನು ಹೇಳದೆ ಬಿಡಲು ಮನಸ್ಸಿಲ್ಲ.

ಸೂರ್ಯಕಾಂತಿ ತೆನೆ ಒಂದೇ ಹೂ ಅಲ್ಲ, ನೂರಾರು ಪುಟ್ಟ ಹೂಗಳ ಗುಂಪು ಅಂತ ನಿಮಗೆ ಗೊತ್ತಿರಬಹುದು. ಸುತ್ತ ಇರುವ ಹಳದಿ ಎಸಳು ಒಂದೊಂದೂ ಒಂದು ಹೂ. ನಡುವಿನ ಬಿಲ್ಲೆಯಲ್ಲಿ ಒತ್ತೊತ್ತಾಗಿ ಕೂತಿರುವುದೂ ಹೂಗಳೇ. ಸೂರ್ಯಕಾಂತಿಯಲ್ಲಿ ಕಾಳು ಕಟ್ಟುವುದು ನಡುವಿನ ಹೂಗಳಲ್ಲಿ. ಅಂಚಿನ ಎಸಳು ಜೇನುಹುಳ ಕರೆಯುವುದಕ್ಕೆ ಮಾತ್ರ, ಅದರಲ್ಲಿ ಕಾಳು ಆಗುವುದಿಲ್ಲ. ಕಂಪಾಸ್ ಪ್ಲಾಂಟ್ ಮತ್ತು ಅದರ ಕುಲದ ಎಲ್ಲ ಗಿಡಗಳಲ್ಲಿ ಇದು ಪೂರ್ತಿ ತಿರುವುಮುರುವು. ಬೀಜ ಆಗುವುದು ಅಂಚಿನ ಹೂಗಳಲ್ಲಿ. ನಡುವಿನವು ಪರಾಗ ಕೊಟ್ಟು ಒಣಗಿ ಹೋಗುತ್ತವೆ.

ಇದನ್ನು ಕಣ್ಣಾರೆ ನೋಡಬಹುದು. ಅರಳಿದ ಹೂವಿನ ಹತ್ತಿರ ಮುಖ ತಂದು ಒಂದು ಎಸಳಿನ ಬುಡ ನೋಡಿ. ಅಲ್ಲಿ ಎರಡಾಗಿ ಕವಲೊಡೆದ ಸಣ್ಣ ಹಳದಿ ಎಳೆ ಎದ್ದು ನಿಂತಿರುತ್ತದೆ. ಪರಾಗ ಹಿಡಿಯುವ ತುದಿ ಅದು. ಹೊಲದ ಸೂರ್ಯಕಾಂತಿಯ ಎಸಳಿನ ಬುಡದಲ್ಲಿ ಅಂಥ ಎಳೆ ಸಿಗುವುದಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಹೂ ಒಣಗಿದ ಮೇಲೆ ಇನ್ನೂ ಸುಲಭ. ಅಂಚಿನಲ್ಲಿ ಮಾತ್ರ ಚಪ್ಪಟೆಯಾದ, ಸುತ್ತ ತೆಳು ರೆಕ್ಕೆಯಿರುವ ಬೀಜಗಳು ನಿಂತಿರುತ್ತವೆ. ಎಷ್ಟು ಎಸಳಿತ್ತೋ ಹೆಚ್ಚೆಂದರೆ ಅಷ್ಟೇ ಬೀಜ, ಅಂದರೆ ಒಂದು ಹೂವಿಗೆ ಇಪ್ಪತ್ತು ಮೂವತ್ತರ ಆಸುಪಾಸು. ನಡುವೆ ಬರೀ ಹೊಟ್ಟು. ನಿಮ್ಮ ತಾಯಿಯವರು ಇದನ್ನು ನೋಡಿದರೆ 'ಪೂರಾ ಜೊಳ್ಳು' ಎಂದು ಕೈಬಿಟ್ಟಾರು. ಅಂಚು ನೋಡಲು ಹೇಳಿ.

ನಮ್ಮೂರಲ್ಲೂ ಇದೇ ಪದ್ಧತಿಯ ಒಂದು ಗಿಡ ಎಲ್ಲರಿಗೂ ಗೊತ್ತು. ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. ಅದರ ಬಿಳಿ ಹೂಗುಂಡಿನಲ್ಲಿ ಅಂಚಿನ ಐದು ಹೂಗಳಲ್ಲಿ ಮಾತ್ರ ಬೀಜ ಆಗುತ್ತದೆ. ಸೂರ್ಯಕಾಂತಿ, ಪಾರ್ಥೇನಿಯಂ ಎರಡೂ ಅಮೆರಿಕ ಖಂಡಗಳಿಂದಲೇ ನಮ್ಮಲ್ಲಿಗೆ ಬಂದವು.

ಹೂವಿನ ಹಿಂಭಾಗದ ಫೋಟೊ ನೀವು ಕಳಿಸಿಲ್ಲ. ಹೆಚ್ಚಿನವರು ತೆಗೆಯುವುದಿಲ್ಲ. ಹೂವಿನ ಅಡಿಯಲ್ಲಿ ಹಸಿರು ಪೊರೆಗಳು ಸುತ್ತಿಕೊಂಡಿರುತ್ತವೆ ಅಲ್ವಾ, ಸಿಲ್ಫಿಯಮ್‌ನಲ್ಲಿ ಅವು ಅಗಲ, ದಪ್ಪ, ಎಲೆಯಂತೆಯೇ ಇರುತ್ತವೆ. ಆ ಭಾಗದ ಹೆಚ್ಚಿನ ಕಾಡು ಸೂರ್ಯಕಾಂತಿಗಳಲ್ಲಿ ಅವು ಕಿರಿದಾಗಿ, ಚೂಪಾಗಿ ಹೊರಚಾಚಿರುತ್ತವೆ.

ಸಿಲ್ಫಿಯಮ್ ಕುಲದ ಉಳಿದ ಮೂವರನ್ನೂ ಪರಿಚಯ ಮಾಡಿಕೊಳ್ಳಿ, ಅದೇ ದಾರಿಯಲ್ಲಿ ಸಿಗುತ್ತಾರೆ. ಪ್ರೇರಿ ಡಾಕ್ ಅನ್ನುವುದಕ್ಕೆ ಬುಡದಲ್ಲಿ ಸೀಳಿಲ್ಲದ ಭಾರಿ ಎಲೆಗಳು. ಮುಟ್ಟಿದರೆ ಗರಗರ, ಬಿಸಿಲ ಹೊತ್ತಿನಲ್ಲೂ ಅಂಗೈಗೆ ತಣ್ಣಗೆ ತಾಗುತ್ತವೆ, ಆಳದ ನೀರು ಎಳೆದುಕೊಳ್ಳುವುದರಿಂದ. ಅದರ ಹೂವಿನ ಕಾಂಡ ನುಣುಪು, ಬಹುತೇಕ ಎಲೆಯೇ ಇಲ್ಲದೆ ಎಂಟು ಹತ್ತು ಅಡಿ ಏರುತ್ತದೆ. ಕಪ್ ಪ್ಲಾಂಟ್‌ಗೆ ಚೌಕ ಕಾಂಡ. ಎದುರುಬದುರಿನ ಎರಡು ಎಲೆ ಬುಡದಲ್ಲಿ ಕೂಡಿಕೊಂಡು ಬಟ್ಟಲಾಗಿರುತ್ತವೆ. ಮಳೆ ನೀರು ಅದರಲ್ಲಿ ನಿಲ್ಲುತ್ತದೆ, ಗೋಲ್ಡ್‌ಫಿಂಚ್ ಹಕ್ಕಿಗಳು ಬಂದು ಕುಡಿಯುತ್ತವೆ. ರೋಸಿನ್‌ವೀಡ್ ಕುಳ್ಳಗಿನದು. ಅದರ ಮಾತು ಕೊನೆಯಲ್ಲಿ ಬರುತ್ತದೆ. ಕಂಪಾಸ್ ಪ್ಲಾಂಟ್ ಮತ್ತು ಪ್ರೇರಿ ಡಾಕ್ ಅಕ್ಕಪಕ್ಕ ಇದ್ದಲ್ಲಿ ಎರಡರ ಮಿಶ್ರತಳಿಯೂ ಆಗುವುದುಂಟು. ಆಗ ಎಲೆ ಅರೆಬರೆ ಸೀಳಿರುತ್ತದೆ. ನಿಮ್ಮ ಗಿಡದ ಸೀಳು ಪೂರ್ತಿ ಇದೆ, ಆ ಅನುಮಾನ ಬೇಡ.

ಮುರಿದು ಜೋತಾಡುವ ಮೊಗ್ಗುಗಳು ರೋಗವಲ್ಲ. ಅದು ಕಡುಬಣ್ಣದ ಒಂದು ಪುಟ್ಟ ಮೂತಿಹುಳುವಿನ ಕೆಲಸ. ಹೆಣ್ಣು ಹುಳು ಹೂವಿನ ಕೆಳಗೆ ಕಾಂಡದ ಸುತ್ತ ಕೊರೆಯುತ್ತದೆ. ಹೂ ಬಾಗಿ ಒಂದು ನಾರಿನಲ್ಲಿ ನೇತಾಡುತ್ತದೆ. ಅದರಲ್ಲಿ ಮೊಟ್ಟೆ ಇಡುತ್ತದೆ. ಹೂ ಒಣಗಿ ನೆಲಕ್ಕೆ ಬೀಳುತ್ತದೆ, ಮರಿ ಅದನ್ನು ತಿಂದು ಬೆಳೆದು ಮಣ್ಣಿಗಿಳಿದು ಚಳಿಗಾಲ ಕಳೆಯುತ್ತದೆ. ಇದೇ ಹುಳು ಸೂರ್ಯಕಾಂತಿಗೂ ಬೀಳುವುದರಿಂದ ಗುರುತಿಗೆ ಇದು ಉಪಯೋಗವಿಲ್ಲ. ಗಿಡಕ್ಕೆ ಆ ವರ್ಷದ ಒಂದಷ್ಟು ಬೀಜ ನಷ್ಟ, ಅಷ್ಟೇ. ಔಷಧಿ ಹೊಡೆಯಬೇಕಾದ ಅಗತ್ಯ ಖಂಡಿತ ಇಲ್ಲ.

ಈಗ ನನ್ನ ಸಂತೋಷದ ಕಾರಣ. ಇಲಿನಾಯ್‌ಗೆ ಪ್ರೇರಿ ಸ್ಟೇಟ್ ಅಂತ ಅಡ್ಡಹೆಸರು. 1820ರ ಸುಮಾರಿಗೆ ಅಲ್ಲಿ 2 ಕೋಟಿ 20 ಲಕ್ಷ ಎಕರೆ ಪ್ರೇರಿ ಇತ್ತು ಎಂದು ಅಂದಾಜು. ಹುಲ್ಲಿನ ಬೇರು ಹೆಣೆದುಕೊಂಡಿದ್ದ ಆ ಜಿಗುಟು ಮಣ್ಣಿಗೆ ಹಳೆಯ ನೇಗಿಲು ಸೋಲುತ್ತಿತ್ತು. 1837ರಲ್ಲಿ ಅದೇ ರಾಜ್ಯದ ಗ್ರ್ಯಾಂಡ್ ಡಿಟೂರ್ ಊರಿನ ಕಮ್ಮಾರ ಜಾನ್ ಡೀರ್ ಉಕ್ಕಿನ ನೇಗಿಲು ಮಾಡಿದ. ಮಣ್ಣು ಅಂಟದೆ ಜಾರತೊಡಗಿತು. ಮುಂದಿನ ಕೆಲವೇ ದಶಕಗಳಲ್ಲಿ ಬಯಲು ಹೊಲವಾಯಿತು. ಇಂದು ಅಲ್ಲಿ ಕಣ್ಣು ಹಾಯುವವರೆಗೆ ಮೆಕ್ಕೆಜೋಳ, ಸೋಯಾ. ಹಾಳಾಗದೆ ಉಳಿದ ಮೂಲ ಪ್ರೇರಿ ಶೇಕಡಾ 0.01ರಷ್ಟು ಮಾತ್ರ. (ಗದಗದವರಿಗೆ ಅಲ್ಲಿನ ಕಪ್ಪು ಮಣ್ಣು ನೋಡಿ ಎರೆಭೂಮಿ ನೆನಪಾಗಬಹುದು. ಪ್ರೇರಿಯ ಕಪ್ಪು ಹುಲ್ಲಿನ ಬೇರು ಸಾವಿರಾರು ವರ್ಷ ಕೊಳೆತು ಬಂದದ್ದು. ಎರೆಯ ಕಪ್ಪಿನ ಕಥೆ ಬೇರೆ.)

ನೇಗಿಲು ಹೋಗದ ಜಾಗದಲ್ಲಿ ಮಾತ್ರ ಹಳೆಯ ಗಿಡಗಳು ಉಳಿದವು. ರೈಲು ಹಳಿಯ ಪಕ್ಕ, ಹಳೆಯ ಸ್ಮಶಾನ, ಕಲ್ಲುಗುಡ್ಡದ ಇಳಿಜಾರು. ನೀವು ನಡೆಯುವ ದಾರಿಯೂ ಒಂದು ಕಾಲದ ವಿದ್ಯುತ್ ರೈಲಿನ ಮಾರ್ಗ. 1957ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಲೈಲ್ ಊರಿನ ಮಾರ್ಟನ್ ಆರ್ಬೊರೀಟಮ್ ಎಂಬ ದೊಡ್ಡ ಸಸ್ಯೋದ್ಯಾನದಲ್ಲಿ ನಿಸರ್ಗ ಪಾಠ ಹೇಳುತ್ತಿದ್ದ ಮೇ ಥೀಲ್‌ಗಾರ್ಡ್ ವಾಟ್ಸ್ ಎಂಬ ಮಹಿಳೆ 1963ರಲ್ಲಿ ಚಿಕಾಗೊ ಟ್ರಿಬ್ಯೂನ್‌ಗೆ ಪತ್ರ ಬರೆದರು. ಈ ಹಳಿ ಕಿತ್ತ ಜಾಗ ನಡೆಯುವವರಿಗೆ ಸಿಗಲಿ ಅಂತ ಕೇಳಿದರು. ಆ ಪತ್ರದಿಂದಲೇ ಇಲಿನಾಯ್ ಪ್ರೇರಿ ಪಾತ್ ಹುಟ್ಟಿತು.

ನಿಮ್ಮ ಗಿಡ ಹಳೆಯ ಉಳಿಕೆಯೋ, ಆಮೇಲೆ ಯಾರೋ ಬಿತ್ತಿದ್ದೋ ಫೋಟೊ ನೋಡಿ ಹೇಳಲಾಗದು. ಹೇಗೇ ಇದ್ದರೂ ಅದು ನಿನ್ನೆ ಮೊನ್ನೆಯದಲ್ಲ. ಬೀಜದಿಂದ ಎದ್ದ ಗಿಡ ಮೊದಲ ಕೆಲವು ವರ್ಷ ಬುಡದಲ್ಲಿ ಎಲೆ ಬಿಟ್ಟುಕೊಂಡು ತಾಯಿಬೇರನ್ನು ಕೆಳಗೆ ಇಳಿಸುತ್ತಾ ಇರುತ್ತದೆ. ಆ ಬೇರು 15 ಅಡಿಯವರೆಗೂ ಹೋಗಬಲ್ಲದು. ಆಮೇಲೆಯೇ ಹೂವಿನ ಕಾಂಡ. ನೂರು ವರ್ಷದವರೆಗೂ ಬದುಕುತ್ತದೆ ಎಂಬುದು ತಿಳಿದವರ ಅಂದಾಜು. ಮೇಲಿನ ಕಾಂಡ ಪ್ರತಿ ಚಳಿಗಾಲ ಸಾಯುತ್ತದೆ, ಬೆಂಕಿ ಬಿದ್ದರೆ ಸುಡುತ್ತದೆ. ಬೇರು ಹಾಗೇ ಇದ್ದು ವಸಂತದಲ್ಲಿ ಮತ್ತೆ ಚಿಗುರುತ್ತದೆ. ಪ್ರೇರಿ ನೋಡಿಕೊಳ್ಳುವವರು ಬೇಕೆಂದೇ ಕಾಲಕಾಲಕ್ಕೆ ಬೆಂಕಿ ಕೊಡುತ್ತಾರೆ, ಮರ ಪೊದೆಗಳು ಏರಿ ನೆರಳು ಮಾಡಬಾರದು ಅಂತ. ಮುಂದಿನ ಏಪ್ರಿಲ್‌ನಲ್ಲಿ ಕಪ್ಪಾಗಿ ಸುಟ್ಟ ಬಯಲು ಕಂಡರೆ ಗಾಬರಿಯಾಗಬೇಡಿ.

ಇಂಥ ಗಿಡವನ್ನು ಕಳೆ ಅನ್ನಲು ನನ್ನ ಬಾಯಿ ಬರುವುದಿಲ್ಲ.

ಬೀಜದ ವಿಷಯ. ದಾರಿಬದಿಯಿಂದ, ಫಾರೆಸ್ಟ್ ಪ್ರಿಸರ್ವ್‌ಗಳಿಂದ (ಅಲ್ಲಿನ ಸಾರ್ವಜನಿಕ ಸಂರಕ್ಷಿತ ಕಾಡು, ಬಯಲುಗಳಿಂದ) ಬೀಜ, ಹೂ ಕೀಳಬೇಡಿ. ಪ್ರಿಸರ್ವ್‌ಗಳಲ್ಲಿ ಅದು ನಿಯಮಕ್ಕೆ ವಿರುದ್ಧ. ಒಂದು ಹೂವಿಗೆ ಎಷ್ಟು ಕಡಿಮೆ ಬೀಜ ಅಂತ ಆಗಲೇ ಹೇಳಿದೆನಲ್ಲ, ಅದರಲ್ಲೂ ಒಂದಷ್ಟು ಹುಳುವಿನ ಪಾಲು. ಸ್ಥಳೀಯ ಗಿಡಗಳನ್ನೇ ಮಾರುವ ನರ್ಸರಿಗಳಲ್ಲಿ ಬೀಜವೂ ಸಸಿಯೂ ದುಡ್ಡಿಗೆ ಸಿಗುತ್ತವೆ. ಬೀಜಕ್ಕೆ ತೇವದ ಚಳಿ ತಾಗದಿದ್ದರೆ ಮೊಳಕೆ ಸರಿಯಾಗಿ ಬರುವುದಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ನೇರವಾಗಿ ಮಣ್ಣಿಗೆ ಹಾಕಿಬಿಟ್ಟರೆ ಚಳಿಗಾಲವೇ ಆ ಕೆಲಸ ಮಾಡುತ್ತದೆ. ಇಡೀ ದಿನ ಬಿಸಿಲು ಬೀಳುವ ಜಾಗ ನೋಡಿ. ಜಾಗ ಯೋಚಿಸಿ ಆರಿಸಿ, ಯಾಕಂದರೆ ತಾಯಿಬೇರು ಇಳಿದ ಮೇಲೆ ಕಿತ್ತು ಬೇರೆಡೆ ನೆಡಲು ಆಗುವುದಿಲ್ಲ. ಕುಂಡ ಬೇಡವೇ ಬೇಡ. ಮೊದಲ ವರ್ಷ ಒಂದೆರಡು ಎಲೆ ಬಂದರೆ ಅದೇ ದೊಡ್ಡದು. ಹುಲ್ಲು ಕತ್ತರಿಸುವವರು ತಿಳಿಯದೆ ಸವರಿಬಿಡದಂತೆ ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟಿರಿ.

ಊರಿಗೆ ಒಯ್ಯುವುದು ಮಾತ್ರ ಬೇಡ ಅಂತ ನಿಮ್ಮ ತಾಯಿಯವರಿಗೆ ನನ್ನ ಕಳಕಳಿಯ ವಿನಂತಿ. ಬಿತ್ತನೆ ಬೀಜವನ್ನು ಹೊರದೇಶದಿಂದ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬ್ಯಾಗಿನಲ್ಲಿ ಹಾಕಿಕೊಂಡು ಬರುವಂತಿಲ್ಲ. ಗದಗದಲ್ಲಿ ಆ ಬೀಜಕ್ಕೆ ಬೇಕಾದ ಚಳಿಗಾಲವೂ ಇಲ್ಲ. ಜೊತೆಗೆ ಬೇರೆ ಏನಾದರೂ ಬೀಜ ಸೇರಿಕೊಂಡು ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಅವರ ಹೊಲದ ಬದುವಿನ ಮೇಲಿರುವ ಪಾರ್ಥೇನಿಯಂ ನೋಡಿದರೆ ಸಾಕು. ಅದರ ಬದಲು ಅವರು ವಾಪಸ್ ಹೋಗುವ ಮೊದಲು ಮಾರ್ಟನ್ ಆರ್ಬೊರೀಟಮ್‌ನ ಶುಲೆನ್‌ಬರ್ಗ್ ಪ್ರೇರಿಗೆ ಕರೆದುಕೊಂಡು ಹೋಗಿ. 1962ರಲ್ಲಿ ಶುರು ಮಾಡಿ, ಹೊಲದ ಜಾಗದಲ್ಲಿ ಮತ್ತೆ ಎಬ್ಬಿಸಿದ ಪ್ರೇರಿ ಅದು. ನಿಮ್ಮ ಮನೆಯಿಂದ ದೂರವೇನಲ್ಲ. ಆಗಸ್ಟ್‌ನಲ್ಲಿ ಹುಲ್ಲು ಆಳುದ್ದ ಇರುತ್ತದೆ.

ಕೊನೆಗೆ ಐದನೇ ಫೋಟೊ. ಇದು ಬೇರೆ ಗಿಡ. ಎಲೆ ಎದುರುಬದುರು ಇವೆ, ಸೀಳಿಲ್ಲ, ಎತ್ತರ ನಾಲ್ಕೈದು ಅಡಿ ಇದ್ದ ಹಾಗಿದೆ. ರೋಸಿನ್‌ವೀಡ್ ಆಗಿರಬಹುದು, ಹೀಲಿಯಾಪ್ಸಿಸ್ ಆಗಿರಬಹುದು. ಫೋಟೊದಲ್ಲಿ ಎಲೆಯ ಬುಡ ಮಸುಕಾಗಿದೆ. ಎಲೆಗೆ ತೊಟ್ಟು ಇದ್ದು ಅಂಚು ಗರಗಸದಂತೆ ಹಲ್ಲುಹಲ್ಲಾಗಿದ್ದರೆ ಹೀಲಿಯಾಪ್ಸಿಸ್. ತೊಟ್ಟಿಲ್ಲದೆ ನೇರವಾಗಿ ಕಾಂಡಕ್ಕೆ ಅಂಟಿಕೊಂಡು, ಮುಟ್ಟಿದರೆ ಒರಟಾಗಿದ್ದರೆ ರೋಸಿನ್‌ವೀಡ್. ರೋಸಿನ್‌ವೀಡ್ ಆದರೆ ನಿಮ್ಮ ತಾಯಿಯವರಿಗೆ ಒಂದು ಸುದ್ದಿ: ಕಾನ್ಸಾಸ್‌ನ ಸಲೈನಾದಲ್ಲಿರುವ ಲ್ಯಾಂಡ್ ಇನ್‌ಸ್ಟಿಟ್ಯೂಟ್‌ನವರು ಅದನ್ನು ಎಣ್ಣೆಕಾಳಿನ ಬೆಳೆಯಾಗಿ ಪಳಗಿಸುತ್ತಿದ್ದಾರೆ. ಪ್ರತಿ ವರ್ಷ ಬಿತ್ತಬೇಕಾಗಿಲ್ಲ, ಒಮ್ಮೆ ಹಾಕಿದರೆ ವರ್ಷ ವರ್ಷ ಕಾಳು ಕೊಡುವ ಬೆಳೆ ಮಾಡಬೇಕು ಅನ್ನುವುದು ಅವರ ಗುರಿ. ಮುಂದಿನ ಸಲ ಹೋದಾಗ ಎಲೆ ಕಾಂಡಕ್ಕೆ ಸೇರುವ ಜಾಗ ಮತ್ತು ಹೂವಿನ ಹಿಂಭಾಗ, ಈ ಎರಡು ಫೋಟೊ ಹತ್ತಿರದಿಂದ ತೆಗೆದು ಕಳಿಸಿ. ಅದರ ಹೆಸರೂ ಹೇಳುತ್ತೇನೆ.